ಭಾರ ಎತ್ತುವ ಕ್ರಮ

ದೆಹಲಿಗೆ ಬಂದು ನೆಲೆಸಿರುವ ನಮ್ಮವರಲ್ಲಿ ಭಾರ ಎತ್ತುವವರು ಎರಡು ಬಗೆಯವರಿದ್ದಾರೆ. ಮೊದಲನೆಯವರು ಹೊಟ್ಟೆಪಾಡಿಗಾಗಿ ಎತ್ತುವವರು. ಗೋದಾಮಿನ ಪೆಟ್ಟಿಗೆ, ಕಟ್ಟಡದ ಸಿಮೆಂಟಿನ ಚೀಲ, ಹೋಟೆಲಿನ ಅಕ್ಕಿಮೂಟೆ, ಗ್ಯಾಸ್ ಸಿಲಿಂಡರು ಇವು ಅವರ ಪಾಲಿಗೆ ಬಂದ ಭಾರ. ಎರಡನೆಯವರು ಹಗಲೆಲ್ಲ ಕಚೇರಿಯ ಕುರ್ಚಿಯಲ್ಲಿ ಕುಳಿತು, ಸಂಜೆ ಜಿಮ್‌ಗೆ ಹೋಗಿ, ತಿಂಗಳ ಶುಲ್ಕ ತೆತ್ತು ಎತ್ತುವವರು. ಮೊದಲನೆಯವರಿಗೆ ಎತ್ತುವ ಕ್ರಮವನ್ನು ಕಲಿಸುವವರೇ ಇಲ್ಲ. ಎರಡನೆಯವರಿಗೆ ಕಲಿಸುವವನಿದ್ದರೂ, ಅವನ ಸುತ್ತ ಮೂವತ್ತು ಜನ ನಿಂತಿರುವಾಗ ಒಬ್ಬೊಬ್ಬರ ಬೆನ್ನನ್ನೂ ನೋಡುವ ವ್ಯವಧಾನ ಅವನಿಗೆಲ್ಲಿ ಬರಬೇಕು?

ಇಬ್ಬರ ಶರೀರಕ್ಕೂ ನಿಯಮ ಮಾತ್ರ ಒಂದೇ. ಲೋಹದ ಬಾರ್ ಎತ್ತುವಾಗ ಸರಿಯಾದದ್ದು ಚೀಲ ಎತ್ತುವಾಗಲೂ ಸರಿ. ಚೀಲ ಎತ್ತುವಾಗ ತಪ್ಪಾದದ್ದು ಬಾರ್ ಎತ್ತುವಾಗಲೂ ತಪ್ಪು. ಊರಿನಲ್ಲಿ ತಂದೆತಾಯಿಗಳನ್ನು ಬಿಟ್ಟು ಬಂದು, ತಿಂಗಳು ತಿಂಗಳಿಗೆ ಹಣ ಕಳುಹಿಸುವವನಿಗೆ ಅವನ ಬೆನ್ನೇ ಬಂಡವಾಳ. ದಿನಗೂಲಿಯವನು ಎರಡು ವಾರ ಹಾಸಿಗೆ ಹಿಡಿದರೆ ಇಲ್ಲಿಯ ಬಾಡಿಗೆಯೂ ನಿಲ್ಲುತ್ತದೆ, ಅಲ್ಲಿಯ ಒಲೆಯೂ ಆರುತ್ತದೆ. ಆದುದರಿಂದ ಈ ಸಲದ ಪಾಠಕ್ಕೆ ನಾವು ಈ ವಿಷಯವನ್ನೇ ಆರಿಸಿಕೊಂಡಿದ್ದೇವೆ.

ನಮ್ಮ ನಾಡಿಗೆ ಹೊಸತಲ್ಲ

ಭಾರ ಎತ್ತುವ ವಿದ್ಯೆ ಜಿಮ್ ಜೊತೆಯಲ್ಲಿ ನಮ್ಮಲ್ಲಿಗೆ ಬಂದದ್ದಲ್ಲ. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲನ್ನೂ, ಧಾನ್ಯದ ಚೀಲವನ್ನೂ ಎತ್ತುವ ಪಂದ್ಯಗಳು ಇಂದಿಗೂ ನಡೆಯುತ್ತವೆ. ಮೈಸೂರಿನ ಗರಡಿಮನೆಗಳಲ್ಲಿ ದಂಡ, ಬಸ್ಕಿ, ಗದೆ ಇವೆಲ್ಲ ತಲೆಮಾರುಗಳಿಂದ ಬಂದ ಸಾಧನೆಗಳು. 'ಶಾಂತಲಾ', 'ರೂಪದರ್ಶಿ' ಕಾದಂಬರಿಗಳನ್ನು ಓದಿ ಮೆಚ್ಚಿದವರಲ್ಲಿ ಕೆಲವರಿಗೆ, ಅವನ್ನು ಬರೆದ ಕೆ. ವಿ. ಅಯ್ಯರ್ ಅವರು ನಾಡಿನ ಹೆಸರಾಂತ ಅಂಗಸಾಧಕರೂ ಆಗಿದ್ದರೆಂಬುದು ತಿಳಿದಿರಲಾರದು. ೧೮೯೭ರಲ್ಲಿ ಹುಟ್ಟಿದ ಅಯ್ಯರ್ ಅವರು ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ವ್ಯಾಯಾಮಶಾಲೆಯನ್ನು ನಡೆಸಿದರು. ದೂರದವರಿಗೆ ಟಪಾಲಿನ ಮೂಲಕ ವ್ಯಾಯಾಮದ ಪಾಠ ಕಳುಹಿಸುತ್ತಿದ್ದರು. ಓದಿ ಕಲಿಯುವುದಕ್ಕೂ ಮೈ ಬೆಳೆಸುವುದಕ್ಕೂ ವೈರವಿಲ್ಲವೆಂಬುದಕ್ಕೆ ಅವರ ಬಾಳೇ ಸಾಕ್ಷಿ.

ಹತ್ತಿರದ ಕಾಲದ ಉದಾಹರಣೆಯೂ ಉಂಟು. ಉಡುಪಿ ಜಿಲ್ಲೆಯ ಕುಂದಾಪುರದ ಕಡೆಯ ಗುರುರಾಜ ಪೂಜಾರಿಯವರು ೨೦೧೮ರಲ್ಲಿ ಆಸ್ಟ್ರೇಲಿಯದ ಗೋಲ್ಡ್ ಕೋಸ್ಟ್‌ನಲ್ಲಿ ನಡೆದ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ, ೫೬ ಕಿಲೋ ತೂಕದವರ ವರ್ಗದಲ್ಲಿ ಬೆಳ್ಳಿಯ ಪದಕ ಪಡೆದರು. ಎರಡು ಬಗೆಯ ಎತ್ತುವಿಕೆಗಳಲ್ಲಿ ಅವರು ಎತ್ತಿದ್ದು ೧೧೧ ಮತ್ತು ೧೩೮ ಕಿಲೋ, ಒಟ್ಟು ೨೪೯. ೨೦೨೨ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ೬೧ ಕಿಲೋ ವರ್ಗದಲ್ಲಿ ೨೬೯ ಕಿಲೋ ಎತ್ತಿ ಕಂಚನ್ನು ಗಳಿಸಿದರು. ಆಂಧ್ರದಲ್ಲಿ ಹುಟ್ಟಿ ಹರಿಯಾಣದಲ್ಲಿ ನೆಲೆಸಿದ ಕರ್ಣಂ ಮಲ್ಲೇಶ್ವರಿಯವರು ೨೦೦೦ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ೧೧೦ ಮತ್ತು ೧೩೦ ಕಿಲೋ ಎತ್ತಿ, ಒಲಿಂಪಿಕ್ ಪದಕ ಪಡೆದ ಮೊದಲ ಭಾರತೀಯ ಮಹಿಳೆಯಾದರು. ೨೦೨೧ರಲ್ಲಿ ದೆಹಲಿಯ ಕ್ರೀಡಾ ವಿಶ್ವವಿದ್ಯಾಲಯಕ್ಕೆ ಮೊದಲ ಉಪಕುಲಪತಿಯಾಗಿ ನೇಮಕಗೊಂಡವರೂ ಅವರೇ.

ಐವತ್ತಾರು ಕಿಲೋ ತೂಕದ ಮನುಷ್ಯನು ತನ್ನ ತೂಕಕ್ಕಿಂತ ಎರಡೂವರೆ ಪಾಲಿನಷ್ಟು ಭಾರವನ್ನು ತಲೆಯ ಮೇಲಕ್ಕೆ ಎತ್ತುವುದು ತೋಳಿನ ಬಲವೊಂದರಿಂದಲೇ ಅಲ್ಲ. ಇಂತಹ ಸಾಧಕರು ಎತ್ತುವುದನ್ನು ನಿಧಾನವಾಗಿ ತೋರಿಸುವ ಚಿತ್ರವನ್ನು ನೋಡಿರಿ. ಬಾರ್ ಅವರ ಕಾಲನ್ನೂ ತೊಡೆಯನ್ನೂ ಸವರಿಕೊಂಡೇ ಮೇಲೇರುತ್ತದೆ. ಮೈಯಿಂದ ಒಂದು ಗೇಣು ದೂರ ಸರಿಯಿತೋ, ಎತ್ತುವಿಕೆ ಕೆಟ್ಟಿತು. ಇದೇಕೆ ಹೀಗೆ?

ಬೆನ್ನಿನ ಲೆಕ್ಕ

ತಕ್ಕಡಿಯ ಲೆಕ್ಕ ಎಲ್ಲರಿಗೂ ತಿಳಿದದ್ದೇ. ದೂರದ ತುದಿಯಲ್ಲಿ ತೂಗುವ ಸಣ್ಣ ಭಾರಕ್ಕೆ, ಹತ್ತಿರದ ತುದಿಯಲ್ಲಿ ದೊಡ್ಡ ಭಾರವೇ ಬೇಕು. ಬೆನ್ನಿನಲ್ಲಿಯೂ ಹೀಗೆಯೇ. ಬೆನ್ನುಮೂಳೆಯನ್ನು ನೆಟ್ಟಗೆ ಹಿಡಿದಿಡುವ ಸ್ನಾಯುಗಳು ಮೂಳೆಯ ನಡುವಿನಿಂದ ಸುಮಾರು ೫ ಸೆಂಟಿಮೀಟರ್ ದೂರದಲ್ಲಿವೆ. ನೀವು ೨೦ ಕಿಲೋ ಭಾರವನ್ನು ಬೆನ್ನುಮೂಳೆಯಿಂದ ೫೦ ಸೆಂಟಿಮೀಟರ್ ಮುಂದೆ ಹಿಡಿದಿರೆಂದು ಇಟ್ಟುಕೊಳ್ಳೋಣ. ಐವತ್ತನ್ನು ಐದರಿಂದ ಭಾಗಿಸಿದರೆ ಹತ್ತು. ಎಂದರೆ ಆ ಸ್ನಾಯುಗಳು ೨೦೦ ಕಿಲೋ ತೂಕದಷ್ಟು ಬಲದಿಂದ ಎಳೆಯಬೇಕಾಗುತ್ತದೆ. ಅದೇ ಭಾರವನ್ನು ೨೫ ಸೆಂಟಿಮೀಟರಿಗೆ ತಂದುಕೊಂಡರೆ ೧೦೦ ಕಿಲೋ ಸಾಕು. ಭಾರ ಅದೇ, ಆಳೂ ಅದೇ. ಅರ್ಧ ಕಷ್ಟ ಉಳಿಯಿತು. ಇನ್ನು ಮುಂದಕ್ಕೆ ಬಗ್ಗಿದ ನಮ್ಮ ತಲೆ, ಎದೆ, ತೋಳುಗಳ ಭಾರ ಬೇರೆ. ಅದನ್ನೂ ಬೆನ್ನೇ ಹೊರಬೇಕು.

ಈ ಎಳೆತದ ಒತ್ತಡವೆಲ್ಲ ಬೀಳುವುದು ಬೆನ್ನಿನ ಮಣಿಗಳ ನಡುವೆ ಮೆತ್ತೆಯಂತಿರುವ ತಟ್ಟೆಗಳ ಮೇಲೆ. ಇವನ್ನೇ ವೈದ್ಯರು ಡಿಸ್ಕ್ ಎನ್ನುವುದು. ಸ್ವೀಡನ್ನಿನ ವೈದ್ಯ ಆಲ್ಫ್ ನಾಕೆಮ್‌ಸನ್ ಅವರು ೧೯೬೦ರ ದಶಕದಲ್ಲಿ ಜೀವಂತ ಮನುಷ್ಯರ ಡಿಸ್ಕಿನೊಳಗಿನ ಒತ್ತಡವನ್ನು ಅಳೆದು, ಮುಂದಕ್ಕೆ ಬಗ್ಗಿ ಭಾರ ಹಿಡಿದಾಗ ಅದು ಬಹಳ ಏರುವುದೆಂದು ತೋರಿಸಿಕೊಟ್ಟರು. ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯದ ರಾಷ್ಟ್ರೀಯ ಸಂಸ್ಥೆಯವರು ೧೯೯೧ರಲ್ಲಿ ಪರಿಷ್ಕರಿಸಿದ ಸೂತ್ರವೂ ಇದನ್ನೇ ಹೇಳುತ್ತದೆ. ಭಾರವು ಮೈಗೆ ಹತ್ತಿರವಾಗಿ, ಸುಮಾರು ಸೊಂಟದ ಕೆಳಗಿನ ಎತ್ತರದಲ್ಲಿ, ಎಲ್ಲ ಅನುಕೂಲಗಳೂ ಇರುವಾಗ ಅವರು ಒಪ್ಪುವ ಮಿತಿ ೨೩ ಕಿಲೋ. ಭಾರವು ಪಾದದ ಕೀಲಿನಿಂದ ೫೦ ಸೆಂಟಿಮೀಟರ್ ಮುಂದಿದ್ದರೆ ಆ ಮಿತಿ ೧೧.೫ ಕಿಲೋಗೆ ಇಳಿಯುತ್ತದೆ. ನೆಲದಿಂದಲೇ ಎತ್ತಬೇಕಾದರೆ ಐದರಲ್ಲೊಂದು ಪಾಲಿಗಿಂತ ಹೆಚ್ಚಾಗಿ ಮತ್ತೆ ಕಡಿಮೆಯಾಗುತ್ತದೆ.

ಹಾಗೆಂದು ಬೆನ್ನನ್ನು ಗಾಜಿನ ಬಳೆಯೆಂದು ತಿಳಿಯಬೇಕಾಗಿಲ್ಲ. ಬಿದ್ದ ಲೇಖನಿಯನ್ನು ಬಗ್ಗಿ ಎತ್ತಿದರೆ ಬೆನ್ನು ಮುರಿಯುವುದಿಲ್ಲ. ಬೆನ್ನೂ ತೋಳಿನಂತೆಯೇ ಸಾಧನೆಯಿಂದ ಬಲಗೊಳ್ಳುವ ಅಂಗ. ಅದಕ್ಕೆ ಅಭ್ಯಾಸವಿಲ್ಲದಷ್ಟು ಭಾರವನ್ನು, ದೂರದಿಂದ, ತಿರುಚಿಕೊಂಡು, ದಣಿದಿರುವಾಗ ಎತ್ತುವುದೇ ಅಪಾಯ. ಕ್ರಮವನ್ನು ಕಲಿಯುವುದು ಹೆದರಿ ಕೂರುವುದಕ್ಕಲ್ಲ, ಧೈರ್ಯವಾಗಿ ಎತ್ತುವುದಕ್ಕೆ.

ಬರಿಗೈಯ ಪಾಠ

ಬಾರ್ ಮುಟ್ಟುವ ಮೊದಲು ಕೋಣೆಯಲ್ಲಿಯೇ ಎರಡು ಅಭ್ಯಾಸಗಳನ್ನು ಮಾಡಿರಿ. ಇದಕ್ಕೆ ಕಾಸಿನ ಖರ್ಚಿಲ್ಲ.

ಮೊದಲನೆಯದು ಕೋಲಿನ ಪರೀಕ್ಷೆ. ನೆಲ ಒರೆಸುವ ಉದ್ದನೆಯ ಕೋಲೊಂದನ್ನು ಬೆನ್ನಿನ ಹಿಂದೆ ಉದ್ದಕ್ಕೆ ಹಿಡಿಯಿರಿ. ತಲೆಯ ಹಿಂಭಾಗ, ಹೆಗಲುಗಳ ನಡುವಿನ ಬೆನ್ನು, ಸೊಂಟದ ಕೆಳಗಿನ ಮೂಳೆ ಈ ಮೂರು ಕಡೆಗೆ ಅದು ತಾಗಿರಬೇಕು. ಮೊಣಕಾಲನ್ನು ಸ್ವಲ್ಪವೇ ಮಡಿಸಿ, ಹಿಂದಿರುವ ಬಾಗಿಲನ್ನು ಪೃಷ್ಠದಿಂದ ತಳ್ಳಿ ಮುಚ್ಚುವವರಂತೆ ಹಿಂದಕ್ಕೆ ಸರಿಯುತ್ತ ಮುಂದೆ ಬಾಗಿರಿ. ಕೋಲು ಮೂರು ಕಡೆಯಲ್ಲಿಯೂ ತಾಗಿಕೊಂಡೇ ಇದ್ದರೆ ನೀವು ತೊಡೆಯ ಕೀಲಿನಲ್ಲಿ ಬಾಗಿದ್ದೀರಿ, ಇದು ಸರಿ. ಒಂದು ಕಡೆ ಬಿಟ್ಟಿತೋ, ಬೆನ್ನನ್ನು ಬಿಲ್ಲು ಮಾಡಿದ್ದೀರಿ. ದಿನಕ್ಕೆ ಹತ್ತು ಸಲದಂತೆ ಒಂದು ವಾರ ಮಾಡಿದರೆ ಮೈಗೆ ಈ ದಾರಿ ತಾನಾಗಿಯೇ ತಿಳಿಯುತ್ತದೆ. ಇಡೀ ಪಾಠದಲ್ಲಿ ಮುಖ್ಯವಾದದ್ದು ಇದೇ.

ಎರಡನೆಯದು ಕುರ್ಚಿಯ ಬಸ್ಕಿ. ಕುರ್ಚಿಯ ಮುಂದೆ, ಪಾದಗಳನ್ನು ಹೆಗಲಿನಷ್ಟು ಅಗಲಿಸಿ, ಬೆರಳುಗಳನ್ನು ತುಸು ಹೊರಗೆ ಚಾಚಿ ನಿಲ್ಲಿರಿ. ನಿಧಾನವಾಗಿ ಕುಳಿತು, ಕುರ್ಚಿಯನ್ನು ಮುಟ್ಟಿ ಏಳಿರಿ. ಮೊಣಕಾಲುಗಳು ಪಾದದ ಬೆರಳುಗಳು ಚಾಚಿದ ದಿಕ್ಕಿನಲ್ಲಿಯೇ ಹೋಗಲಿ, ಒಳಕ್ಕೆ ಕುಸಿಯದಿರಲಿ. ಗರಡಿಯ ಬಸ್ಕಿಯಲ್ಲಿ ಹಿಮ್ಮಡಿ ಏಳುವುದುಂಟು. ಆದರೆ ಹೆಗಲ ಮೇಲೆ ಭಾರ ಹೊತ್ತು ಮಾಡುವ ಸ್ಕ್ವಾಟ್‌ನಲ್ಲಿ ಹಿಮ್ಮಡಿ ನೆಲ ಬಿಡಕೂಡದು. ಗರಡಿಯಲ್ಲಿ ಪಳಗಿ ಬಂದವರು ಈ ಭೇದವನ್ನು ಗಮನಿಸಬೇಕು.

ನೆಲದಿಂದ ಎತ್ತುವುದು

ಜಿಮ್ ಭಾಷೆಯಲ್ಲಿ ಇದಕ್ಕೆ ಡೆಡ್‌ಲಿಫ್ಟ್ ಎಂದು ಹೆಸರು. ನಿತ್ಯಜೀವನಕ್ಕೆ ಇದಕ್ಕಿಂತ ಉಪಯುಕ್ತವಾದ ವ್ಯಾಯಾಮವಿಲ್ಲ. ತಪ್ಪಾಗಿ ಮಾಡುವವರೂ ಇದರಲ್ಲಿಯೇ ಹೆಚ್ಚು. ಕ್ರಮ ಹೀಗೆ:

೧. ಬಾರ್ ಪಾದದ ನಡುಭಾಗದ ಮೇಲೆ ಬರುವಂತೆ ನಿಲ್ಲಿರಿ. ಪಾದಗಳ ನಡುವಿನ ಅಂತರ ಸೊಂಟದಗಲ ಸಾಕು.

೨. ಪೃಷ್ಠವನ್ನು ಹಿಂದಕ್ಕೆ ಸರಿಸಿ ಬಾಗಿ, ಕಾಲುಗಳ ಹೊರಗಡೆಯಲ್ಲಿ ಬಾರ್ ಹಿಡಿಯಿರಿ. ಬಳಿಕ ಮೊಣಕಾಲ ಕೆಳಗಿನ ಮೂಳೆ ಬಾರ್‌ಗೆ ತಾಗುವವರೆಗೆ ಮೊಣಕಾಲನ್ನು ಮಡಿಸಿರಿ.

೩. ಎದೆಯನ್ನು ಎತ್ತಿ, ಬೆನ್ನನ್ನು ಕೋಲಿನ ಪರೀಕ್ಷೆಯಲ್ಲಿದ್ದಂತೆ ಬಿಗಿಮಾಡಿ. ನೋಟ ನಾಲ್ಕೈದು ಅಡಿ ಮುಂದಿನ ನೆಲದ ಮೇಲಿರಲಿ. ಕನ್ನಡಿ ನೋಡಲು ಕತ್ತನ್ನು ಹಿಂದಕ್ಕೆ ಎತ್ತಬೇಡಿ.

೪. ಉಸಿರನ್ನು ಹೊಟ್ಟೆಯ ಆಳಕ್ಕೆ ತೆಗೆದುಕೊಂಡು, ಯಾರೋ ಹೊಟ್ಟೆಗೆ ಗುದ್ದುವವರಿದ್ದಾರೆ ಎಂಬಂತೆ ಹೊಟ್ಟೆಯನ್ನು ಗಟ್ಟಿಮಾಡಿ.

೫. ಬಾರ್ ಎಳೆಯುತ್ತಿದ್ದೇವೆಂದು ಭಾವಿಸದೆ, ನೆಲವನ್ನು ಕಾಲಿನಿಂದ ಕೆಳಕ್ಕೆ ಒತ್ತುತ್ತಿದ್ದೇವೆಂದು ಭಾವಿಸಿ ಏಳಿರಿ. ತೋಳುಗಳು ಬರಿಯ ಹಗ್ಗವಿದ್ದಂತೆ; ಮೊಣಕೈ ಮಡಿಸಕೂಡದು. ಜಗ್ಗಿ ಎಳೆಯಕೂಡದು. ಬಾರ್ ಕಾಲನ್ನು ಸವರುತ್ತಲೇ ಬರಲಿ.

೬. ನೆಟ್ಟಗೆ ನಿಂತಮೇಲೆ ನಿಲ್ಲಿಸಿರಿ. ಹಿಂದಕ್ಕೆ ವಾಲುವುದು ಬೇಡ. ಬಂದ ದಾರಿಯಲ್ಲಿಯೇ, ಮೊದಲು ಪೃಷ್ಠವನ್ನು ಹಿಂದಕ್ಕೆ ಸರಿಸುತ್ತ, ಇಳಿಸಿರಿ.

ಉಸಿರಿನ ವಿಷಯದಲ್ಲಿ ಒಂದು ಎಚ್ಚರಿಕೆ. ಉಸಿರು ಬಿಗಿಹಿಡಿದಾಗ ರಕ್ತದೊತ್ತಡ ಒಮ್ಮೆಲೇ ಏರುತ್ತದೆ. ರಕ್ತದೊತ್ತಡ, ಹೃದಯದ ತೊಂದರೆ, ಹರ್ನಿಯ ಇರುವವರು ಮೊದಲು ವೈದ್ಯರನ್ನು ಕೇಳಬೇಕು. ಅವರು ಒಪ್ಪಿದರೆ ಹಗುರ ಭಾರವನ್ನು, ಏಳುವಾಗ ಉಸಿರು ಬಿಡುತ್ತ ಎತ್ತಬೇಕು.

ಇನ್ನೊಂದು ಸಂಗತಿಯನ್ನು ಬಹುಮಂದಿ ಅರಿಯರು. ಪಂದ್ಯದ ದೊಡ್ಡ ಪ್ಲೇಟ್‌ಗಳ ಅಡ್ಡಳತೆ ೪೫ ಸೆಂಟಿಮೀಟರ್. ಆದ್ದರಿಂದ ಬಾರ್ ನೆಲದಿಂದ ೨೨.೫ ಸೆಂಟಿಮೀಟರ್ ಎತ್ತರದಲ್ಲಿರುತ್ತದೆ. ಸಣ್ಣ ಪ್ಲೇಟ್ ಹಾಕಿದರೆ ಬಾರ್ ಇನ್ನೂ ಕೆಳಗಿಳಿಯುತ್ತದೆ. ಹೊಸಬನು ಅಷ್ಟು ಕೆಳಕ್ಕೆ ಬಗ್ಗಬೇಕಾದಾಗ ಬೆನ್ನು ಬಿಲ್ಲಾಗದೆ ಇರದು. ಸಣ್ಣ ಪ್ಲೇಟ್‌ಗಳೇ ಇರುವ ಕಡೆ, ಅವುಗಳ ಕೆಳಗೆ ಗಟ್ಟಿಯಾದ ಮರದ ದಿಮ್ಮಿಗಳನ್ನು ಇಟ್ಟು ಎತ್ತರ ಸರಿಪಡಿಸಿಕೊಳ್ಳಿರಿ. ಪ್ಲೇಟಿಲ್ಲದ ಬಾರ್ ತೂಕವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಪಂದ್ಯದ ಬಾರ್ ಗಂಡಸರಿಗೆ ೨೦ ಕಿಲೋ, ಹೆಂಗಸರಿಗೆ ೧೫ ಕಿಲೋ ಇರುತ್ತದೆ.

ಮಲಗಿ ಎತ್ತುವುದು, ತಲೆಯ ಮೇಲೆ ಎತ್ತುವುದು

ಬೆಂಚ್ ಪ್ರೆಸ್‌ನಲ್ಲಿ ಬೆನ್ನಿಗಿಂತ ಹೆಗಲಿಗೆ ಅಪಾಯ ಹೆಚ್ಚು. ಹೆಗಲ ಹಿಂದಿನ ಹಲಗೆಯಂತಹ ಮೂಳೆಗಳನ್ನು ಒಂದಕ್ಕೊಂದು ಹತ್ತಿರ ತಂದು ಬೆಂಚಿಗೆ ಒತ್ತಿ ಮಲಗಿರಿ. ಪಾದಗಳು ನೆಲದ ಮೇಲಿರಲಿ. ಹೆಬ್ಬೆರಳು ಬಾರನ್ನು ಸುತ್ತಿ ಹಿಡಿದಿರಲೇಬೇಕು. ಬಾರ್ ಎದೆಯ ಕೆಳಭಾಗಕ್ಕೆ ಇಳಿಯಲಿ, ಕತ್ತಿನ ಕಡೆಗಲ್ಲ. ಮೊಣಕೈಗಳು ಪಕ್ಕಕ್ಕೆ ಪೂರ್ತಿಯಾಗಿ ಹರಡಿಕೊಳ್ಳದೆ ಮೈಯತ್ತ ಸ್ವಲ್ಪ ಓರೆಯಾಗಿರಲಿ. ತಲೆಯ ಬಳಿ ಒಬ್ಬ ಸಹಾಯಕನಿಲ್ಲದೆ ಭಾರವಾದ ಬಾರ್ ಕೆಳಗೆ ಮಲಗಲೇ ಕೂಡದು. ಜೊತೆಯವನನ್ನು ಕರೆಯಲು ನಾಚಿಕೆ ಬೇಡ. ಈ ದಿನ ಅವನು ನಿಮಗೆ ನಿಂತರೆ ನಾಳೆ ನೀವು ಅವನಿಗೆ ನಿಲ್ಲುತ್ತೀರಿ.

ತಲೆಯ ಮೇಲೆ ಎತ್ತುವಾಗ ಹೊಟ್ಟೆಯನ್ನೂ ಪೃಷ್ಠವನ್ನೂ ಬಿಗಿಹಿಡಿಯಿರಿ. ಸೊಂಟವನ್ನು ಹಿಂದಕ್ಕೆ ಬಗ್ಗಿಸಿದರೆ ಮಾತ್ರ ಎತ್ತಲಾಗುವ ಭಾರ ನಿಮ್ಮ ಅಳತೆಯದಲ್ಲ.

ಎಷ್ಟು ಭಾರ, ಎಷ್ಟು ದಿನ

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಇಲ್ಲಿಗೂ ಸಲ್ಲುತ್ತದೆ. ಎಂಟು ಸಲ ಎತ್ತಿ ಇಳಿಸಿದ ಮೇಲೂ ಇನ್ನೆರಡು ಸಲ ಎತ್ತುವಷ್ಟು ಶಕ್ತಿ ಉಳಿದಿರಬೇಕು. ಅಷ್ಟು ಭಾರವೇ ಹೊಸಬನಿಗೆ ತಕ್ಕದ್ದು. ಅಂತಹ ಎಂಟೆಂಟರ ಮೂರು ಸರದಿ, ನಡುವೆ ಎರಡು ಮೂರು ನಿಮಿಷ ವಿಶ್ರಾಂತಿ. ವಿಶ್ವ ಆರೋಗ್ಯ ಸಂಸ್ಥೆಯು ೨೦೨೦ರಲ್ಲಿ ವಯಸ್ಕರಿಗೆ ವಾರಕ್ಕೆ ಎರಡು ದಿನವಾದರೂ ಸ್ನಾಯುಗಳ ಸಾಧನೆ ಬೇಕೆಂದು ಹೇಳಿದೆ. ಎರಡು ಮೂರು ದಿನ ಸಾಕು. ನಡುವಿನ ದಿನಗಳಲ್ಲಿಯೇ ಮೈ ಬೆಳೆಯುವುದು. ಮೂರು ಸರದಿಯಲ್ಲಿಯೂ ಕ್ರಮ ಕೆಡದಿದ್ದರೆ ಮುಂದಿನ ವಾರ ಎರಡೂವರೆ ಕಿಲೋ ಸೇರಿಸಿ. ಕ್ರಮ ಕೆಟ್ಟರೆ ಭಾರ ಇಳಿಸಿ. ಪಕ್ಕದವನು ಎಷ್ಟು ಎತ್ತಿದನೆಂಬುದು ನಿಮಗೆ ಬೇಡದ ಸುದ್ದಿ.

ದೆಹಲಿಯ ಹವೆಯನ್ನೂ ನೋಡಿಕೊಳ್ಳಬೇಕು. ಪುಷ್ಯಮಾಸದ ಮುಂಜಾವಿನ ಚಳಿಯಲ್ಲಿ ಹತ್ತು ನಿಮಿಷವಾದರೂ ಮೈ ಬೆಚ್ಚಗಾಗುವಂತೆ ನಡೆದು, ಬರಿಯ ಬಾರಿನಿಂದ ಒಂದು ಸರದಿ ಮಾಡಿಯೇ ಭಾರ ಹಾಕಬೇಕು. ರಾತ್ರಿ ಮಲಗಿರುವಾಗ ಬೆನ್ನಿನ ಡಿಸ್ಕುಗಳು ನೀರನ್ನು ಹೀರಿ ಉಬ್ಬಿರುತ್ತವೆ. ಎದ್ದ ಮೊದಲ ಗಂಟೆಯಲ್ಲಿ ಬಗ್ಗಿ ಭಾರ ಎತ್ತುವುದು ಒಳ್ಳೆಯದಲ್ಲ. ಹಾಗೆಯೇ ಎಂಟು ಗಂಟೆ ಕುರ್ಚಿಯಲ್ಲಿ, ಒಂದು ಗಂಟೆ ಮೆಟ್ರೋದಲ್ಲಿ ಕುಳಿತು ಬಂದವರು ನೇರವಾಗಿ ಬಾರ್ ಹಿಡಿಯಬಾರದು. ನವೆಂಬರಿನ ಹೊಗೆ ದಟ್ಟವಾಗಿರುವ ದಿನಗಳಲ್ಲಿ ಉದ್ಯಾನದ ವ್ಯಾಯಾಮವನ್ನು ಬಿಟ್ಟು ಒಳಗಡೆ ಮಾಡುವುದು ಲೇಸು.

ಕೆಲಸದ ಜಾಗದಲ್ಲಿ

ಸಿಮೆಂಟಿನ ಚೀಲ ೫೦ ಕಿಲೋ. ಅಡುಗೆ ಅನಿಲದ ತುಂಬಿದ ಸಿಲಿಂಡರು ಸುಮಾರು ೩೦ ಕಿಲೋ. ಅದರಲ್ಲಿ ಅನಿಲ ೧೪.೨ ಕಿಲೋ, ಉಳಿದದ್ದು ಕಬ್ಬಿಣ. ಕುಡಿಯುವ ನೀರಿನ ದೊಡ್ಡ ಕ್ಯಾನು ೨೦ ಕಿಲೋಗೆ ಮೇಲೆ. ಇವುಗಳಿಗೆ ಬಾರಿನಂತಹ ಹಿಡಿಯಿಲ್ಲ, ಸಮತೂಕವೂ ಇಲ್ಲ. ಆದರೂ ನಿಯಮ ಅದೇ. ಚೀಲದ ತೀರ ಹತ್ತಿರ, ಒಂದು ಕಾಲು ಮುಂದೆ ಒಂದು ಹಿಂದೆ ಇಟ್ಟು ನಿಲ್ಲಿರಿ. ಮೊದಲು ಚೀಲವನ್ನು ನೆಟ್ಟಗೆ ನಿಲ್ಲಿಸಿ, ಎದೆಗೆ ಅವಚಿಕೊಂಡು, ಕಾಲಿನ ಬಲದಿಂದ ಏಳಿರಿ. ತಿರುಗಬೇಕಾದರೆ ಸೊಂಟವನ್ನು ತಿರುಚದೆ ಪಾದಗಳನ್ನು ಎತ್ತಿಟ್ಟು ಇಡೀ ಮೈಯನ್ನು ತಿರುಗಿಸಿ. ಸಾಧ್ಯವಾದಲ್ಲೆಲ್ಲ ಚೀಲಗಳನ್ನು ನೆಲದ ಮೇಲೆ ಒಟ್ಟದೆ ಮೊಣಕಾಲಿನೆತ್ತರದ ಹಲಗೆಯ ಮೇಲೆ ಒಟ್ಟಿರಿ. ರೈಲಿನಲ್ಲಿ ಊರಿಗೆ ಹೊರಟಾಗ ಭಾರವಾದ ಪೆಟ್ಟಿಗೆಯನ್ನು ಮೇಲಿನ ಬರ್ತಿಗೆ ಒಂದೇ ಏಟಿಗೆ ಎಸೆಯಬೇಡಿ. ಮೊದಲು ಕೆಳಗಿನ ಸೀಟಿಗೆ, ಅಲ್ಲಿ ಹಿಡಿತ ಬದಲಿಸಿ ಮೇಲಕ್ಕೆ.

ಇಬ್ಬರು ಎತ್ತಬೇಕಾದುದನ್ನು ಒಬ್ಬನೇ ಎತ್ತುವುದು ಶೌರ್ಯವಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು ೧೯೬೭ರಲ್ಲಿಯೇ, ವಯಸ್ಕ ಗಂಡಾಳು ಹೊರುವ ಭಾರ ೫೫ ಕಿಲೋಗೆ ಮೀರಿದ್ದರೆ ಅದನ್ನು ಆ ಮಟ್ಟಕ್ಕೆ ಬೇಗ ಇಳಿಸಬೇಕೆಂದು ಶಿಫಾರಸು ಮಾಡಿತು. ನಮ್ಮ ದೇಶದ ೧೯೪೮ರ ಕಾರ್ಖಾನೆ ಕಾಯಿದೆಯ ೩೪ನೆಯ ಕಲಮಿನಲ್ಲಿಯೂ, ಗಾಯವಾಗುವಷ್ಟು ಭಾರವನ್ನು ಯಾರಿಂದಲೂ ಹೊರಿಸಕೂಡದೆಂದು ಬರೆದಿತ್ತು. ಜೊತೆಗೊಬ್ಬ ಆಳನ್ನಾಗಲಿ, ತಳ್ಳುಗಾಡಿಯನ್ನಾಗಲಿ ಕೇಳುವುದು ಭಿಕ್ಷೆಯಲ್ಲ, ನ್ಯಾಯ. ಮೇಸ್ತ್ರಿಯ ಬಳಿ ಒಬ್ಬೊಬ್ಬರಾಗಿ ಕೇಳಲು ಅಳುಕಿದರೆ ನಾಲ್ವರು ಕೂಡಿ ಕೇಳಿರಿ.

ನೋವು ಬಂದರೆ

ಹೊಸದಾಗಿ ಸಾಧನೆ ಮಾಡಿದವರಿಗೆ ಒಂದೆರಡು ದಿನ ಸ್ನಾಯು ನೋಯುವುದು ಸಹಜ. ಸೊಂಟ ಹಿಡಿದುಕೊಂಡರೆ ಭಾರ ಬಿಟ್ಟು, ತಾಳಿಕೊಳ್ಳುವಷ್ಟು ನಡೆದಾಡುತ್ತಿರಿ. ದಿನಗಟ್ಟಲೆ ಮಲಗಿರುವುದರಿಂದ ಗುಣ ತಡವಾಗುತ್ತದೆಂದು ಈಗಿನ ವೈದ್ಯರ ಮತ. ಬಹುಪಾಲು ಸೊಂಟನೋವುಗಳು ಕೆಲವು ವಾರಗಳಲ್ಲಿ ತಾವೇ ಇಳಿಯುತ್ತವೆ. ಆದರೆ ನೋವು ಮೊಣಕಾಲಿನ ಕೆಳಗೆ ಇಳಿದರೆ, ಕಾಲು ಜೋಮುಗಟ್ಟಿದರೆ, ಪಾದ ಎತ್ತಲಾಗದಿದ್ದರೆ ವೈದ್ಯರನ್ನು ಕಾಣಲೇಬೇಕು. ಮೂತ್ರ ಕಟ್ಟಿದರೆ, ಇಲ್ಲವೆ ಹತೋಟಿ ತಪ್ಪಿದರೆ, ತೊಡೆಗಳ ನಡುವೆ ಸ್ಪರ್ಶ ತಿಳಿಯದಿದ್ದರೆ ಒಂದು ಗಂಟೆಯೂ ತಡಮಾಡದೆ ದೊಡ್ಡ ಆಸ್ಪತ್ರೆಗೆ ಹೋಗತಕ್ಕದ್ದು. ಇ.ಎಸ್.ಐ. ಕಾರ್ಡುಳ್ಳ ಕಾರ್ಮಿಕರಿಗೆ ಇ.ಎಸ್.ಐ. ಆಸ್ಪತ್ರೆಗಳೂ, ಕೇಂದ್ರ ಸರ್ಕಾರದ ನೌಕರರಿಗೆ ಸಿ.ಜಿ.ಎಚ್.ಎಸ್. ಚಿಕಿತ್ಸಾಲಯಗಳೂ ಇವೆ. ಸಫ್ದರ್‌ಜಂಗ್ ಆಸ್ಪತ್ರೆಯಲ್ಲಿ ೨೦೧೦ರಲ್ಲಿ ಆರಂಭವಾದ ಕ್ರೀಡಾ ಗಾಯಗಳ ಕೇಂದ್ರವಿದೆ. ನೋವಿನ ಮಾತ್ರೆ ನುಂಗಿ ಮತ್ತೆ ಭಾರ ಎತ್ತುವುದು ಮಾತ್ರ ಬೇಡ. ನೋವೆಂಬ ಕಾವಲುಗಾರನ ಬಾಯಿ ಕಟ್ಟಿದ ಹಾಗೆ ಅದು.

ಮನನಕ್ಕಾಗಿ

ಭಾರ ಮೈಗೆ ಹತ್ತಿರವಿರಲಿ.
ಬಾಗುವುದು ತೊಡೆಯ ಕೀಲಿನಲ್ಲಿ, ಬೆನ್ನಿನಲ್ಲಲ್ಲ.
ಹೊಟ್ಟೆ ಬಿಗಿ, ಹಿಮ್ಮಡಿ ನೆಲಕ್ಕೆ, ಎತ್ತುವುದು ಕಾಲು.
ಹೊತ್ತಿರುವಾಗ ಸೊಂಟ ತಿರುಚಕೂಡದು.
ಕ್ರಮ ಕೆಟ್ಟ ಕ್ಷಣವೇ ನಿಲ್ಲಿಸತಕ್ಕದ್ದು.

ಈ ಐದನ್ನು ಒಂದು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಂಡರೆ ತಪ್ಪಿಲ್ಲ. ಓದು ಬಾರದ ಜೊತೆಗಾರನಿದ್ದರೆ ಅವನಿಗೆ ಓದಿ ಹೇಳಿರಿ. ಕೋಲೊಂದನ್ನು ಅವನ ಬೆನ್ನಿಗೆ ಹಿಡಿದು ತೋರಿಸಿರಿ. ಐದು ನಿಮಿಷದ ಕೆಲಸ. ಅವನ ಮನೆಯವರು ಎಷ್ಟು ದೂರದ ಊರಿನಲ್ಲಿದ್ದರೂ ಅದರ ಫಲ ಅವರಿಗೆ ಮುಟ್ಟುತ್ತದೆ.